ಎಲ್ಲಿಗೂ ಹೋಗದ ಹೆಂಗಸರು

ದೆಹಲಿ
೧೨ ಜುಲೈ ೧೯೯೪

ಅತ್ತಿಗೆಗೆ ರಂಜಿತಳ ನಮಸ್ಕಾರ.

ಊರಿಂದ ಬಂದು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲ ಅಂತ ಅವ್ವ ಬೈಯುತ್ತಿರಬೇಕು. ಬೈಯಲಿ ಬಿಡು. ಇಲ್ಲಿ ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುವುದಿಲ್ಲ. ಹೊರಗೆ ಕಾಲಿಟ್ಟರೆ ಬಸ್ಸು, ಲಾರಿ, ಸ್ಕೂಟರುಗಳ ಹೊಗೆ. ಸಂಜೆ ಮುಖ ತೊಳೆದರೆ ನೀರು ಕಪ್ಪಗೆ ಇಳಿಯುತ್ತದೆ. ಈ ಹೊಗೆಯ ಮೇಲೇ ನನ್ನ ಪಿಎಚ್‌.ಡಿ. ಅನ್ನುವುದು ತಮಾಷೆ.

ನಾನು ಮಾಡುವುದೇನು ಅಂತ ನೀನು ಕೇಳಿದ್ದೆ, ನಾನು ನಕ್ಕು ತೇಲಿಸಿದ್ದೆ. ಈಗ ಹೇಳುತ್ತೇನೆ. ಒಬ್ಬ ಮನುಷ್ಯ ಒಂದು ದಿನ ಓಡಾಡಲಿಕ್ಕೆ ಎಷ್ಟು ಎಣ್ಣೆ ಸುಡುತ್ತದೆ, ಅಷ್ಟು ಸುಡದೆ ಓಡಾಡಲು ಬರುತ್ತದೆಯೇ ಅಂತ ನೋಡುವುದು. ದೆಹಲಿಯಂಥ ಊರನ್ನು ಒಂದು ಕಡೆ ಇಟ್ಟು, ನಮ್ಮ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಂಥ ಊರುಗಳನ್ನು ಇನ್ನೊಂದು ಕಡೆ ಇಟ್ಟು ತೂಗುತ್ತಿದ್ದೇನೆ. ಪೇಟೆಗಳ ಲೆಕ್ಕ ಸಿಕ್ಕಿದೆ. ಸುತ್ತಲ ಹಳ್ಳಿಗಳಿಂದ ಅಲ್ಲಿಗೆ ಯಾರು ಹೋಗುತ್ತಾರೆ, ಯಾತಕ್ಕೆ, ಯಾವುದರಲ್ಲಿ ಅನ್ನುವುದು ಬೇಕು. ನಮ್ಮ ಕೊಪ್ಪಲಿನದನ್ನು ನೀನೇ ಬರೆದುಕೊಡಬೇಕು. ನೀನು ಎಸ್ಸೆಸೆಲ್ಸಿ ಮಾಡಿದವಳು, ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಮನೆಮನೆಗೆ ನಾನು ಹೋದರೆ ಕಾಫಿ ಕೊಟ್ಟು ಮದುವೆ ಯಾವಾಗ ಅಂತ ಕೇಳುತ್ತಾರೆಯೇ ಹೊರತು ನನ್ನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಫಾರಂಗಳು ಜೊತೆಯಲ್ಲಿವೆ. 'ದಿನವೂ ಊರಿಂದಾಚೆ ಹೋಗುವ ಹೆಂಗಸರು ಮನೆಯಲ್ಲಿ ಇದ್ದಾರೆಯೇ, ಏಕೆ ಹೋಗುತ್ತಾರೆ' ಅನ್ನುವುದನ್ನು ಬಿಡದೆ ಕೇಳು. ಬೇಗ ಕಳಿಸು. ನಮ್ಮ ಗೈಡು ತಲೆಯ ಮೇಲೆ ಕೂತಿದ್ದಾರೆ. ಚಿನ್ನುಗೆ ಈ ಸೋದರತ್ತೆಯ ಮುತ್ತು.

ರಂಜಿ


ಕೊಪ್ಪಲು, ಬೂಕನಕೆರೆ ಅಂಚೆ
೯ ಆಗಸ್ಟ್ ೧೯೯೪

ಚಿರಂಜೀವಿ ರಂಜಿತಳಿಗೆ ಪುಟ್ಟಲಕ್ಷ್ಮಿ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ. ಹಸು ಕರು ಹಾಕಿದೆ, ಹೆಣ್ಣು. ಅತ್ತೆ ನನ್ನ ಪಕ್ಕದಲ್ಲೇ ಹುರುಳಿ ಆರಿಸುತ್ತಾ ಕೂತಿದ್ದಾರೆ. ಒಂದೊಂದು ಸಾಲಿಗೂ "ಏನ್ ಬರ್ದೆ, ಓದು" ಅನ್ನುತ್ತಿದ್ದಾರೆ. ಅಂಟಿಸುವ ಮೊದಲು ನಿಮ್ಮಣ್ಣನೂ ಒಂದು ಸಲ ಓದುತ್ತಾರೆ. ಹಾಗಾಗಿ ದುಂಡಗೆ ಬರೆಯುತ್ತಿದ್ದೇನೆ.

ನಿನ್ನ ಫಾರಂ ಹಿಡಿದು ಬೀದಿ ಬೀದಿ ಸುತ್ತಿದೆ ತಾಯಿ. ಗಂಡಸರೆಲ್ಲ ಸೈಕಲ್ಲು ಅಂದರು. ಲೂನಾ ಇಟ್ಟವರೂ ಸೈಕಲ್ಲೇ ಅಂದರು, ಇದ್ದದ್ದು ಹೇಳಿದರೆ ಸೀಮೆಎಣ್ಣೆ ಕಾರ್ಡು ಕಿತ್ತುಕೊಳ್ಳುತ್ತಾರೆ ಅಂತ. ನಾನು ಲೂನಾ ಅಂತಲೇ ಬರೆದಿದ್ದೇನೆ, ಕಣ್ಣಿಗೆ ಕಾಣುವುದನ್ನು ಇಲ್ಲ ಅನ್ನುವುದು ಹೇಗೆ? ಹೆಂಗಸರ ವಿಚಾರ ಮಾತ್ರ ಅವರು ಹೇಳಿದ್ದನ್ನೇ ಬರೆದೆ. ಮನೆಯ ಯಜಮಾನಿ ಕೂತಿರುವಾಗ ಇನ್ನೇನು ಬರೆಯಲಿ? ಮೇಲಿನ ಬೀದಿ ಮಾರಮ್ಮ ತಾನು ಗೋವಿಂದನಹಳ್ಳಿ ಪಂಚಲಿಂಗೇಶ್ವರನಿಗೆ ಹೋಗುತ್ತೇನೆ ಅಂದರು. ಎಷ್ಟು ದಿನಕ್ಕೊಂದು ಸಲ ಅಂದರೆ, "ಲಿಂಗ ಐದಲ್ವಾ, ವಾರಕ್ಕೆ ಐದ್ ದಿನ ಅಂತ ಬರ್ಕೊ" ಅಂದರು. ಅಣ್ಣಮ್ಮ ಆಸ್ಪತ್ರೆಗೆ ಅಂದಳು. ಮಿಕ್ಕವರು ಎಲ್ಲಿಗೂ ಇಲ್ಲ.

ನಮ್ಮ ಮನೆಯ ಫಾರಂ ಅತ್ತೆ ಹೇಳಿದ ಹಾಗೆ ತುಂಬಿದ್ದೇನೆ. "ನಮ್ಮಟ್ಟಿ ಸೊಸೆ ಎಲ್ಲಿಗೂ ಓಗಕಿಲ್ಲ ಅಂತ ಬರಿ. ದೊಡ್ದಾಗಿ ಬರಿ" ಅಂದರು. ದೊಡ್ಡದಾಗಿ ಬರೆದಿದ್ದೇನೆ, ನೋಡು.

ನೀನು ಮುಂದಿನ ಸಲ ಬಂದಾಗ ನಾವಿಬ್ಬರೇ ಹಿತ್ತಲಲ್ಲಿ ಕೂತು ಮಾತಾಡುವುದು ಬಹಳ ಇದೆ.

ನಿನ್ನ ಅತ್ತಿಗೆ
ಪುಟ್ಟಲಕ್ಷ್ಮಿ


ದೆಹಲಿ
೨ ಸೆಪ್ಟೆಂಬರ್ ೧೯೯೪

ನನ್ನ ಬಂಗಾರದಂಥ ಅತ್ತಿಗೆಗೆ,

ನೀನು ಕಳಿಸಿದ್ದು ಬಂದ ದಿನದಿಂದ ನನಗೆ ನೆಲ ಕಾಣುತ್ತಿಲ್ಲ. ಏನು ಕೆಲಸ ಮಾಡಿದ್ದೀಯೆ! ಗೈಡು ಇಡೀ ದಿನ ಅದನ್ನೇ ತಿರುವಿ ತಿರುವಿ ನೋಡಿದರು. ಇಲ್ಲಿಯ ಒಬ್ಬ ಹೆಂಗಸು ಆಫೀಸಿಗೆ ಹೋಗಿ ಬರಲು ಸುಡುವ ಎಣ್ಣೆಯಲ್ಲಿ ನಮ್ಮ ಕೊಪ್ಪಲಿನ ಹೆಂಗಸರೆಲ್ಲ ವರ್ಷ ಕಳೆಯುತ್ತಾರೆ. ಬೇಕಾದ್ದೆಲ್ಲ ಊರೊಳಗೇ ಇರುವಾಗ ಓಡಾಟ ಯಾಕೆ ಬೇಕು? ನಾವು ಹಿಂದುಳಿದವರು ಅಂತ ಹೇಳುತ್ತಾ ಬಂದರಲ್ಲ, ಮುಂದಿನ ಕಾಲದ ಊರು ನಮ್ಮದೇ ಇರಬಹುದು ಅಂತ ಬರೆದೆ. ಬರೆಯುವಾಗ ಕಣ್ಣಲ್ಲಿ ನೀರು ಬಂತು. ಮಾರಮ್ಮನ ಐದು ಲಿಂಗದ ಭಕ್ತಿಯನ್ನೂ ಸೇರಿಸಿದ್ದೇನೆ.

ಇನ್ನೂ ಒಂದು ಸಂತೋಷದ ವಿಷಯ. ಗೈಡು ಬೆಂಗಳೂರಿನಲ್ಲಿ ಡೀಸೆಲ್ ಉಳಿತಾಯದ ಒಂದು ಸಮಿತಿಯಲ್ಲಿದ್ದಾರೆ. ಅದಕ್ಕೆ ನಮ್ಮೂರನ್ನೇ ಮಾದರಿಯಾಗಿ ಇಟ್ಟು ಒಂದು ಟಿಪ್ಪಣಿ ಹೋಗಿದೆ. ನಮ್ಮ ಕೊಪ್ಪಲಿನ ಹೆಸರು ಇಂಗ್ಲಿಷಿನಲ್ಲಿ ಟೈಪಾಗಿದ್ದನ್ನು ಅವ್ವನಿಗೆ ತೋರಿಸಬೇಕು. ಅಣ್ಣ ಇದನ್ನು ಜಗಲಿಯ ಮೇಲೆ ಎಲ್ಲರಿಗೂ ಕೇಳುವ ಹಾಗೆ ಓದಲಿ.

ನಿನ್ನ ರಂಜಿ


ಪಾಂಡವಪುರ
೧೮ ಅಕ್ಟೋಬರ್ ೧೯೯೪

ರಂಜಿತ,

ಇದನ್ನು ಮನೆಯಿಂದ ಬರೆಯುತ್ತಿಲ್ಲ. ಕ್ಷೇಮ ಗೀಮ ಏನೂ ಇಲ್ಲ.

ಬೆಳಿಗ್ಗೆ ಎಂಟು ಗಂಟೆಯ ಬಸ್ಸು ನಿಂತುಹೋಗಿದೆ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು ಬಂತು, ಅದೇ ಕೊನೆ. ಕೇಳಿದರೆ ಡೀಸೆಲ್ ಉಳಿತಾಯವಂತೆ. ಈ ಊರಿಗೆ ಬೆಳಗಿನ ಬಸ್ಸು ಬೇಡ ಅಂತ ಯಾರೋ ದೊಡ್ಡವರು ತೀರ್ಮಾನ ಮಾಡಿದ್ದಾರಂತೆ.

ನಿನಗೆ ಒಂದು ಮಾತು ಕೇಳುತ್ತೇನೆ. ಗೋವಿಂದನಹಳ್ಳಿ ಇರುವುದು ಕೆ.ಆರ್.ಪೇಟೆಯ ಆ ಕಡೆ. ಎಂಟು ಗಂಟೆಯ ಬಸ್ಸು ಹೋಗುತ್ತಿದ್ದದ್ದು ಪಾಂಡವಪುರಕ್ಕೆ. ಪಂಚಲಿಂಗೇಶ್ವರನ ಭಕ್ತೆ ಪಾಂಡವಪುರದ ಬಸ್ಸನ್ನು ಯಾಕೆ ಹತ್ತುತ್ತಾಳೆ ಅಂತ ಒಂದು ಗಳಿಗೆಯಾದರೂ ಯೋಚಿಸಿದೆಯಾ? ನೀನೂ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವಳಲ್ಲವೇ? ಹೋಗುವಾಗ ಕಿಟಕಿ ಆಚೆ ನೋಡುತ್ತಿದ್ದೆ ಅಂತ ಕಾಣುತ್ತದೆ, ಪಕ್ಕದ ಸೀಟು ನೋಡಲಿಲ್ಲ.

ಮಾರಮ್ಮ ಹೋಗುವುದು ಇಲ್ಲಿಯ ಒಂದು ಹೋಟೆಲಿಗೆ, ಅಕ್ಕಿ ಆರಿಸಲು, ರುಬ್ಬಲು. ಅಣ್ಣಮ್ಮ ಹೋಗುವುದು ಆಸ್ಪತ್ರೆಗೇ ನಿಜ, ಆದರೆ ಆಯಾ ಕೆಲಸಕ್ಕೆ. ಎಲ್ಲರ ಕೈಯಲ್ಲೂ ಒಂದು ಬುಟ್ಟಿ, ಬುಟ್ಟಿಯಲ್ಲಿ ತೆಂಗಿನಕಾಯಿ, ಎರಡು ಎಸಳು ಹೂವು. ಕಂಡವರಿಗೆ ದೇವಸ್ಥಾನ. ಒಂದೇ ಕಾಯಿ ತಿಂಗಳೆಲ್ಲ ಹೋಗುತ್ತದೆ, ಬರುತ್ತದೆ, ಕೊನೆಗೆ ಚಟ್ನಿಗೆ ಬೀಳುತ್ತದೆ. ಊರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಸೊಸೆಯನ್ನು ದುಡಿಯಲು ಕಳಿಸುತ್ತಾರೆ ಅನ್ನಿಸಿಕೊಳ್ಳುವುದು ಯಾವ ಮನೆಗೂ ಬೇಡ. ನೋಡದ ಹಾಗೆ ಇದ್ದರೆ ಎಲ್ಲರ ಮರ್ಯಾದೆಯೂ ಉಳಿಯುತ್ತದೆ.

ನಾನೂ ಹೋಗುತ್ತೇನೆ. ಹೊಲಿಗೆ ಡಿಪ್ಲೊಮಾಗೆ ಸೇರಿದ್ದೇನೆ. ಏಪ್ರಿಲ್ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಪರೀಕ್ಷೆ. ಪಾಸಾದರೆ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಬಹುದು. ನಾಗಮಂಗಲದ ನನ್ನ ಅಪ್ಪನ ಮನೆಯಲ್ಲಿ ಆಗಲಿಲ್ಲ, ಇಲ್ಲಿ ಹತ್ತು ವರ್ಷ ಆಗಲಿಲ್ಲ, ಈಗ ಆಗುವ ಹಾಗೆ ಕಂಡಿತ್ತು. ನಿಮ್ಮಣ್ಣ ಊರಿಗೆ ಹೇಳುವುದು ನನಗೆ ಬೆನ್ನುನೋವು, ಇಂಜೆಕ್ಷನ್ನು ಅಂತ. ಅತ್ತೆಗೂ ಗೊತ್ತು. ಆದರೆ ಒಂದು ದಿನವೂ "ಎಲ್ಲಿಗೆ" ಅಂತ ಕೇಳಿಲ್ಲ. ನಾನು ಹೊರಟಾಗ ಹಿತ್ತಲಿಗೆ ಹೋಗಿಬಿಡುತ್ತಾರೆ. ಈಗ ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುತ್ತಾರೆ ನಮ್ಮ ಟೀಚರು, ಮತ್ತು ನನಗೆ ಬಸ್ಸಿಲ್ಲ.

ಆ ಟಿಪ್ಪಣಿಗೂ ಇದಕ್ಕೂ ಸಂಬಂಧ ಇದೆಯಾ? ಉತ್ತರವನ್ನು ಹೊಲಿಗೆ ಶಾಲೆಯ ವಿಳಾಸಕ್ಕೆ ಬರಿ. ಮನೆಗೆ ಬೇಡ.

ಪುಟ್ಟಲಕ್ಷ್ಮಿ


ದೆಹಲಿ
೭ ನವೆಂಬರ್ ೧೯೯೪

ಅತ್ತಿಗೆಯವರಿಗೆ,

ನಿಮ್ಮ ಕಾಗದ ತಲುಪಿತು. ಬಸ್ಸು ನಿಂತದ್ದಕ್ಕೆ ವಿಷಾದವಿದೆ. ಒಂದು ಸಂಶೋಧನೆಗೂ ಒಂದು ಹಳ್ಳಿಯ ಬಸ್ಸಿಗೂ ನೇರ ಸಂಬಂಧ ಇರುವುದಿಲ್ಲ. ಸಮಿತಿಯ ಮುಂದೆ ಹತ್ತಾರು ಕಾಗದಗಳಿರುತ್ತವೆ.

ಆದರೆ ನೀವು ಗೊತ್ತಿದ್ದೂ ಸುಳ್ಳು ತುಂಬಿ ಕಳಿಸಿದಿರಿ. ಅದರ ಮೇಲೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೇನೆ. ನನ್ನನ್ನು ಹೊರಗಿನವಳ ಹಾಗೆ ಯಾಕೆ ಕಂಡಿರಿ ಅಂತ ತಿಳಿಯುತ್ತಿಲ್ಲ. ಒಂದು ಸಾಲು ಬೇರೆ ಕಾಗದದಲ್ಲಿ ಬರೆದಿದ್ದರೆ ಸಾಕಿತ್ತು.

ರಂಜಿತ


ಪಾಂಡವಪುರ
೨೪ ನವೆಂಬರ್ ೧೯೯೪

ಓಹೋ, 'ನೀವು' ಅಂತೆ! ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳಿಗೆ ನಾನು ಈಗ ನೀವು ಆದೆ.

ಬೇರೆ ಕಾಗದದಲ್ಲಿ ಯಾಕೆ ಬರೆಯಲಿಲ್ಲ ಅಂದೆ. ನೀನು ನನಗೆ ನಾದಿನಿ ಆಗುವ ಮೊದಲೇ ಅತ್ತೆಗೆ ಮಗಳು, ಅದಕ್ಕೆ. ಅವರ ಮಾತನ್ನು ನಾನು ಸುಳ್ಳು ಅಂದರೆ ನೀನು ಯಾರ ಕಡೆ ನಿಲ್ಲುತ್ತೀಯೆ ಅಂತ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಹೋದ ಸೋಮವಾರ ನಾನು, ಅಣ್ಣಮ್ಮ, ಮಾರಮ್ಮ ಮೂವರೂ ಬಸ್ಸಿನ ಕಚೇರಿಗೆ ಹೋದೆವು. ಅಲ್ಲಿಯ ಸಾಹೇಬರು ಒಳ್ಳೆಯವರೇ, ಕೂರಿ ಅಂದರು. ಒಂದು ಕಾಗದ ತೆಗೆದು ಕನ್ನಡದಲ್ಲಿ ಅರ್ಥ ಹೇಳಿದರು. 'ಈ ಊರಿನ ಹೆಂಗಸರಿಗೆ ದಿನನಿತ್ಯದ ಪ್ರಯಾಣದ ಅಗತ್ಯವಿಲ್ಲ, ಗಂಡಸರಿಗೆ ಸೈಕಲ್ಲಿದೆ, ಬೆಳಗಿನ ಬಸ್ಸನ್ನು ತೆಗೆದರೆ ಯಾರಿಗೂ ತೊಂದರೆಯಾಗದು.' ಕೆಳಗೆ ನಿನ್ನ ಹೆಸರು. ಸಾಹೇಬರು, "ನಿಮ್ಮೂರ ಹುಡುಗೀನೇ ಅಂತಲ್ಲಮ್ಮ ಬರೆದಿರೋದು" ಅಂದರು. ಮಾರಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಯಾರಿಗೂ ತೊಂದರೆಯಿಲ್ಲವೇ? ಈಗ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ನಿಂತು ಬರುತ್ತೇನೆ. ಅದೂ ತಪ್ಪಿದರೆ ಕಾರ್ಖಾನೆಗೆ ಕಬ್ಬು ತುಂಬಿಕೊಂಡು ಹೋಗುವ ಟ್ರ್ಯಾಕ್ಟರು, ಡ್ರೈವರನ ಪಕ್ಕ, ಮುಖದ ತುಂಬ ಸೆರಗು. ಅಣ್ಣಮ್ಮನ ಮೈದುನ ಅವಳನ್ನು ಲೂನಾದಲ್ಲಿ ಬಿಟ್ಟು ಹೋಗಿ, ಸಂಜೆ ಮತ್ತೆ ಬರುತ್ತಾನೆ. ಇನ್ನೂ ನಾಲ್ಕು ಮನೆಯ ಲೂನಾಗಳು ಹೀಗೇ ಎರಡೆರಡು ಸಲ ಹೋಗಿ ಬರುತ್ತಿವೆ. ಮಾರಮ್ಮ ನಡೆಯುತ್ತಾರೆ, ಆ ವಯಸ್ಸಿನಲ್ಲಿ. ನೀವು ಉಳಿಸಿದ ಎಣ್ಣೆ ಎಲ್ಲಿದೆಯೋ ನನಗೆ ಕಾಣಲಿಲ್ಲ ತಾಯಿ.

ಬೆಳಗಾದರೆ ಇವತ್ತು ಯಾವುದು ಸಿಕ್ಕುತ್ತದೋ ಅಂತ ಬಾಗಿಲಿಗೂ ಒಲೆಗೂ ಓಡಾಡುತ್ತೇನೆ. ಕ್ಲಾಸಿನಲ್ಲಿ ಗುಂಡಿಯ ಕಾಜಾ ಹೊಲಿಯುವಾಗಲೂ ನಾಳೆ ಹೇಗೆ ಬರಲಿ ಅಂತಲೇ ಲೆಕ್ಕ ಹಾಕುತ್ತೇನೆ. ನನಗೆ ಈ ಪರೀಕ್ಷೆ ಬೇಕು ರಂಜಿ. ಬೇರೇನೂ ಬೇಡ, ಇದೊಂದು ಬೇಕು.


ದೆಹಲಿ
೧೫ ಡಿಸೆಂಬರ್ ೧೯೯೪

ಅತ್ತಿಗೆ,

ಆ ವಾಕ್ಯ ನಾನೇ ಬರೆದದ್ದು. 'ಯಾರಿಗೂ ತೊಂದರೆಯಾಗದು' ಅನ್ನುವುದನ್ನು ಗೈಡು ಹೇಳಿಕೊಡಲಿಲ್ಲ, ಸಮಿತಿ ಕೇಳಲಿಲ್ಲ. ಚೆನ್ನಾಗಿ ಕೇಳಿಸುತ್ತದೆ ಅಂತ ಸೇರಿಸಿದೆ. ಹೋದ ಕಾಗದದಲ್ಲಿ ಅದನ್ನು ಮುಚ್ಚಿಡಲು ಹೋಗಿ ನಿನಗೆ 'ನೀವು' ಅಂದೆ. ನಾಚಿಕೆಯಾಗುತ್ತಿದೆ.

ನಿನ್ನ ಕಾಗದ ಬಂದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ನಿನ್ನ ಲೂನಾಗಳನ್ನು ಲೆಕ್ಕಕ್ಕೆ ಹಾಕಿ ನೋಡಿದೆ. ಒಂದು ತುಂಬಿದ ಬಸ್ಸನ್ನು ನಿಲ್ಲಿಸಿ ನಾವು ಅದಕ್ಕಿಂತ ಹೆಚ್ಚು ಎಣ್ಣೆ ಸುಡಿಸುತ್ತಿದ್ದೇವೆ. ನನ್ನ ಲೆಕ್ಕವೇ ತಲೆಕೆಳಗು. ಹೆಂಗಸರು ಮನೆಯಲ್ಲಿ ಕೂತದ್ದನ್ನು ಉಳಿತಾಯ ಅಂತ ಕರೆದೆನಲ್ಲ, ಅದೂ ನಾನು! ಮನೆಯಲ್ಲಿ ಕೂರಲಾರದೆ ದೆಹಲಿಗೆ ಓಡಿಬಂದವಳು!

ಗೈಡಿಗೆ ಹೇಳಿದೆ. ಬಹಳ ಕೋಪ ಮಾಡಿಕೊಂಡರು. ಅಧ್ಯಾಯ ತೆಗೆದರೆ ನನ್ನ ಥೀಸಿಸ್ಸು ಒಂದು ವರ್ಷ ಹಿಂದಕ್ಕೆ ಬೀಳುತ್ತದೆ. ಬೀಳಲಿ. ಆದರೆ 'ಹೇಳಿದ್ದು ಸುಳ್ಳು' ಅಂತ ನಾನು ಬರೆದರೆ ಸಮಿತಿ ನಂಬುವುದಿಲ್ಲವಂತೆ. ಹೋಗುವ ಹೆಂಗಸರೇ ಹೋಗುತ್ತೇವೆ ಅನ್ನಬೇಕು. ಹೆಸರು, ಎಲ್ಲಿಗೆ, ಯಾವ ಕೆಲಸಕ್ಕೆ, ರುಜು ಅಥವಾ ಹೆಬ್ಬೆಟ್ಟು. ಕೇಳಲು ನನಗೆ ಹಕ್ಕಿಲ್ಲ. ಆದರೂ ಕೇಳುತ್ತಿದ್ದೇನೆ.

ರಂಜಿ


ಪಾಂಡವಪುರ
೨೦ ಜನವರಿ ೧೯೯೫

ರಂಜಿ,

ಎಳ್ಳು ಬೀರುವ ನೆಪ ಸಿಕ್ಕಿತು, ಒಳ್ಳೆಯದಾಯಿತು. ಸಂಕ್ರಾಂತಿಯ ಸಂಜೆ ಮನೆಮನೆಗೆ ಹೋಗಿ, ಎಳ್ಳು ಕೊಟ್ಟು, ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದೆ. ಮೊದಲು ಯಾರೂ ಒಪ್ಪಲಿಲ್ಲ. ಅಣ್ಣಮ್ಮ, "ಅಯ್ಯೋ, ಬರ್ದ್ ಕೊಟ್ರೆ ಬಾಯಿಗ್ ಬಂದಂಗ್ ಆಡ್ಕೋತಾರೆ ಕಣಕ್ಕ. ಇವಾಗ ನೋಡ್ದಂಗೆ ಇರೋರು ಆವಾಗ ನೋಡ್ತಾರೆ" ಅಂದಳು. ಅವಳ ಮಾತು ನಿಜ, ಅದೇ ಭಯ.

ಆಮೇಲೆ ಮೊದಲ ಹೆಸರು ನನ್ನದೇ ಬರೆದೆ. ಪುಟ್ಟಲಕ್ಷ್ಮಿ, ಪಾಂಡವಪುರ, ಹೊಲಿಗೆ ಕಲಿಯಲು. ಅದರ ಕೆಳಗೆ ಮಾರಮ್ಮ ಹೆಬ್ಬೆಟ್ಟು ಒತ್ತಿ, "ಆ ಲಿಂಗಪ್ಪನೂ ನೋಡ್ಕೊಳ್ಲಿ, ನಾನ್ ಅವನ್ತಾವ್ಕೆ ಒಂದ್ ದಿನಾನೂ ಓಗಿಲ್ಲ" ಅಂದರು. ಮಿಕ್ಕವರು ನಕ್ಕುಕೊಂಡೇ ಬರೆದರು. ಹದಿನಾರು ಜನ ಇದ್ದೇವೆ.

ಒಂದೇ ಮಾತು ನೆನಪಿಟ್ಟುಕೋ. ಇದು ಬೆಂಗಳೂರಿಗೆ ಹೋಗಲಿ, ಬಸ್ಸಿನ ಕಚೇರಿಗೆ ಹೋಗಲಿ. ಊರಿಗೆ ಬರಕೂಡದು. ಮನೆಯ ವಿಳಾಸಕ್ಕೆ ಒಂದು ಅಕ್ಷರವೂ ಬೇಡ. ನಿಮ್ಮಣ್ಣ ಕೆಟ್ಟವರಲ್ಲ, ಆದರೆ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರೆ ಅವರು ಬೇರೆ ಮನುಷ್ಯ ಆಗುತ್ತಾರೆ.

ಪುಟ್ಟಲಕ್ಷ್ಮಿ


ದೆಹಲಿ
೨೪ ಫೆಬ್ರವರಿ ೧೯೯೫

ಅವ್ವ, ಅಣ್ಣ, ಅತ್ತಿಗೆ ಎಲ್ಲರಿಗೂ ನಮಸ್ಕಾರ.

ಈ ಕಾಗದ ಎಲ್ಲರೂ ಕೇಳಬೇಕು, ಅದಕ್ಕೇ ಮನೆಗೆ ಬರೆಯುತ್ತಿದ್ದೇನೆ. ಗೆದ್ದೆವು! ಮಾರ್ಚ್ ಮೊದಲ ವಾರದಿಂದ ಎಂಟು ಗಂಟೆಯ ಬಸ್ಸು ಮತ್ತೆ ಬರುತ್ತದೆ. ಆದೇಶ ಆಗಿದೆ. ಇದಕ್ಕೆ ಕಾರಣ ನಾನಲ್ಲ, ನಮ್ಮ ಅತ್ತಿಗೆ. 'ನಾನು ದಿನವೂ ಪಾಂಡವಪುರಕ್ಕೆ ಹೊಲಿಗೆ ಕಲಿಯಲು ಹೋಗುತ್ತೇನೆ, ಕೆಲಸಕ್ಕೆ ಸೇರಿ ದುಡಿಯುತ್ತೇನೆ' ಅಂತ ಧೈರ್ಯವಾಗಿ ತನ್ನ ಹೆಸರು ಹಾಕಿ ಬರೆದುಕೊಟ್ಟಳು. ಸಮಿತಿಯವರು ಅದನ್ನೇ ಮೊದಲು ಓದಿದರಂತೆ.

ಅತ್ತಿಗೆ, ನೀನು ಬೇಡ ಅಂದಿದ್ದೆ, ಗೊತ್ತು. ಇನ್ನು ಯಾವ ಮುಚ್ಚುಮರೆ? ಬಸ್ಸೇ ಬಂದ ಮೇಲೆ ಹೇಳಿಕೊಳ್ಳಲು ಏನು ನಾಚಿಕೆ? ಅಣ್ಣ ಎದೆಯುಬ್ಬಿಸಿ ಹೇಳಬೇಕಾದ ಮಾತು ಇದು. ಉಳಿದವರ ಹೆಸರು ನಾನು ಎತ್ತುವುದಿಲ್ಲ. ನಿನ್ನದು ನಮ್ಮ ಮನೆಯ ಹೆಸರು, ನಮ್ಮದೇ ಹೆಮ್ಮೆ.

ನಿಮ್ಮ ರಂಜಿ


ಕೊಪ್ಪಲು
೧೧ ಮಾರ್ಚ್ ೧೯೯೫

ರಂಜಿತ,

ಇದನ್ನು ಅಣ್ಣಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವಳು ಪಾಂಡವಪುರದಲ್ಲಿ ಡಬ್ಬಕ್ಕೆ ಹಾಕುತ್ತಾಳೆ.

ನಿನ್ನ ಕಾಗದ ಬಂದಾಗ ಜಗಲಿಯಲ್ಲಿ ಎದುರು ಮನೆ ಸೋಮಯ್ಯ ಮತ್ತೆ ಇಬ್ಬರು ಕೂತಿದ್ದರು. ನಿನ್ನ ಕಾಗದ ಅಂದರೆ ನಿಮ್ಮಣ್ಣನಿಗೆ ಯಾವಾಗಲೂ ಸಂಭ್ರಮ, ಗಟ್ಟಿಯಾಗಿ ಓದಿದರು. ಅರ್ಧಕ್ಕೆ ಬಂದಾಗ ದನಿ ಇಳಿಯಿತು. ಸೋಮಯ್ಯ ಬಿಡಲಿಲ್ಲ. "ಓದ್ಲಾ ಲೋಕೇಶ, ಯಾಕ್ ನಿಲ್ಲುಸ್ಬುಟ್ಟೆ? ಎಡ್ತಿ ಸಂಬಳಕ್ಕೆ ಓಯ್ತಾಳೆ ಅನ್ನು. ಮೂರ್ ಸೀಮೆಹಸ ಸಾಕಿದ್ರೂ ರಾಗಿ ಇಟ್ಟಿಗೆ ಸಾಲ್ದೇ ಬಂತಾ?" ಅಂದ. ನಿಮ್ಮಣ್ಣ ಒಳಗೆ ಬಂದು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ ಸಾಕು ಬುಡು" ಅಂದರು, ಅಷ್ಟೇ. ಅವರ ಕಣ್ಣು ಕೆಂಪಾಗಿತ್ತು.

ಬಸ್ಸು ಬರುತ್ತಿದೆ. ಹಾರ್ನು ಅಡುಗೆಮನೆಗೆ ಕೇಳುತ್ತದೆ. ಮಾರಮ್ಮ ಹತ್ತುತ್ತಾರೆ, ಅಣ್ಣಮ್ಮ ಹತ್ತುತ್ತಾಳೆ, ಎಲ್ಲರೂ. ಅದೇ ಬುಟ್ಟಿ, ಅದೇ ಕಾಯಿ. ನಾನು ಹೋಗುತ್ತಿಲ್ಲ.

ಹೇಳದೆ ಇದ್ದಿದ್ದರೆ ಹೋಗುತ್ತಿದ್ದೆ ರಂಜಿ. ಟ್ರ್ಯಾಕ್ಟರಿನಲ್ಲಾದರೂ ಹೋಗುತ್ತಿದ್ದೆ.


ದೆಹಲಿ
೮ ಏಪ್ರಿಲ್ ೧೯೯೫

ಅತ್ತಿಗೆ,

ಇದು ನಾಲ್ಕನೆಯ ಕಾಗದ. ಮೊದಲ ಮೂರಕ್ಕೆ ನಿನ್ನ ಉತ್ತರವಿಲ್ಲ. ಹೊಲಿಗೆ ಶಾಲೆಯ ವಿಳಾಸಕ್ಕೇ ಹಾಕುತ್ತಿದ್ದೇನೆ, ಅಣ್ಣಮ್ಮ ತಂದು ಕೊಡುತ್ತಾಳೆ ಅನ್ನುವ ಆಸೆ.

ಬೈ. ಎರಡು ಸಾಲು ಬೈದು ಬರಿ. ಈ ಮೌನ ತಡೆಯಲು ಆಗುತ್ತಿಲ್ಲ. ಅಣ್ಣನಿಗೆ ಬರೆಯಲೇ ಅಂತ ಪೆನ್ನು ತೆಗೆಯುತ್ತೇನೆ, ಏನು ಬರೆದರೆ ಏನಾಗುತ್ತದೋ ಅಂತ ಕೆಳಗಿಡುತ್ತೇನೆ. ರೈಲು ಟಿಕೆಟ್ಟು ಮಾಡಿಸಲು ಹೋಗಿ ಸಾಲಿನಲ್ಲಿ ನಿಂತು, ನಾನು ಬಂದರೆ ಇನ್ನೂ ಕೆಡುತ್ತದೆ ಅನ್ನಿಸಿ ವಾಪಸು ಬಂದೆ. ಪರೀಕ್ಷೆಗೆ ಇನ್ನು ಎಷ್ಟು ದಿನ? ಟೀಚರು ಒಪ್ಪುತ್ತಾರಾ? ನಾನು ಏನು ಮಾಡಲಿ ಹೇಳು. ಏನೂ ಮಾಡಬೇಡ ಅಂದರೆ ಅದನ್ನಾದರೂ ಹೇಳು.

ರಂಜಿ


ಕೊಪ್ಪಲು
೩ ಮೇ ೧೯೯೫

ರಂಜಿ,

ನಿನ್ನ ನಾಲ್ಕು ಕಾಗದವೂ ಸಿಕ್ಕಿವೆ. ಬೇಕು ಅಂತಲೇ ಉತ್ತರ ಕೊಡಲಿಲ್ಲ. ನಿನ್ನ ಮೇಲೆ ಅಷ್ಟು ಕೋಪವಿತ್ತು, ಈಗಲೂ ಸ್ವಲ್ಪ ಇದೆ. ಇರಲಿ, ಕೇಳು.

ಮಾರ್ಚ್ ಕಳೆಯುವ ಹೊತ್ತಿಗೆ ಟೀಚರು ಅಣ್ಣಮ್ಮನ ಕೈಯಲ್ಲಿ ಹೇಳಿಕಳಿಸಿದರು, ಯುಗಾದಿಯಿಂದಾಚೆ ಒಂದು ದಿನವೂ ತಪ್ಪದೆ ಬಂದರೆ ಪರೀಕ್ಷೆಗೆ ಕೂರಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಅಂತ. ನಾನು ಅದನ್ನು ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ಅತ್ತೆ ಒಲೆಯ ಮುಂದೆ ಇದ್ದರು, ಅವರೂ ಕೇಳಿಸಿಕೊಂಡರು. ಒಲೆಗೆ ಇನ್ನೊಂದು ಸೌದೆ ತಳ್ಳಿದರು.

ಯುಗಾದಿಯ ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ಜಗಲಿಗೆ ಬಂದರು. ಸೋಮಯ್ಯ ಅಲ್ಲೇ ಇದ್ದ. ನಿಮ್ಮಣ್ಣ ಎಲ್ಲಿಗೆ ಅಂದರು.

"ಮಂಡಿನೋವು ಕಣ್ಲಾ. ಪಾಂಡುಪುರ್ದಾಗೆ ದಿನಾ ಎಣ್ಣೆ ತಿಕ್ಕುಸ್ಕೋಬೇಕಂತೆ. ನನ್ಗೆ ಕಣ್ಣೂ ಮಬ್ಬು, ಒಬ್ಳೇ ಓಗಕಾಯ್ತದಾ? ಸೊಸೆ ಜೊತೇಲಿ ಬತ್ತಾಳೆ."

"ನಾನ್ ಬುಡ್ತೀನಿ ನಡಿಯವ್ವ, ಲೂನಾದಲ್ಲಿ."

"ನಿನ್ ಲೂನಾ ಮ್ಯಾಲ್ ಕುಂತ್ರೆ ಇರೋ ಮಂಡೀನೂ ಓಯ್ತದೆ ಬುಡು. ಲೇ ಸೋಮ, ನಿಮ್ಮವ್ವುಂಗೂ ಮಂಡಿನೋವು ಅಲ್ವೇನ್ಲಾ? ನಿನ್ ಎಡ್ತೀನೂ ಕಳ್ಸು, ಜೊತೆಗಾಯ್ತಾಳೆ."

ಸೋಮಯ್ಯ ಟವಲು ಕೊಡವಿಕೊಂಡು ಎದ್ದು ಹೋದ. ನಿಮ್ಮಣ್ಣ ಅವ್ವನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಬಸ್ ಬತ್ತಾ ಅದೆ, ಅವ್ವನ ಕೈ ಇಡ್ಕೊ" ಅಂದರು. ಅವರಿಗೂ ಅದೇ ಬೇಕಾಗಿತ್ತು ಅಂತ ಆಗ ಗೊತ್ತಾಯಿತು ನನಗೆ.

ಅವತ್ತಿನಿಂದ ದಿನವೂ ಇಬ್ಬರೂ ಹೋದೆವು. ನಾನು ಒಳಗೆ 'ಕಟಿಂಗು' ಕಲಿಯುತ್ತಿದ್ದರೆ ಅತ್ತೆ ಹೊಲಿಗೆ ಶಾಲೆಯ ಜಗಲಿಯಲ್ಲಿ ಕಾಲು ಚಾಚಿ ಎಲೆಅಡಿಕೆ ಜಗಿಯುತ್ತಾ, ಹೋಗಿ ಬರುವ ಹುಡುಗಿಯರ ಮನೆತನ ವಿಚಾರಿಸುತ್ತಾ ಕೂತಿರುತ್ತಿದ್ದರು. ಟೀಚರು ಮೊದಲು ಸಿಡುಕಿದರು, ಆಮೇಲೆ ಗುಂಡಿ ಹಾಕಲು ಕೊಟ್ಟು ಸುಮ್ಮನಾದರು.

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಪರೀಕ್ಷೆ ಆಯಿತು. ಮಗುವಿನ ಲಂಗ, ಒಂದು ರವಿಕೆ. ರವಿಕೆಯ ತೋಳು ಎರಡು ಸಲ ಬಿಚ್ಚಿ ಹೊಲಿದೆ. ಆದರೆ ಕೊಟ್ಟ ಹೊತ್ತಿಗೆ ಸರಿಯಾಗಿ ಮುಗಿಸಿದೆ. ಪಾಸಾಗುತ್ತೇನೆ ರಂಜಿ, ನನಗೆ ಗೊತ್ತು. ಹೊರಗೆ ಬಂದರೆ ಅತ್ತೆ ಆ ಬಿಸಿಲಲ್ಲಿ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಕೂತಿದ್ದರು. "ಆಯ್ತಾ?" ಅಂದರು. ಆಯ್ತು ಅಂದೆ, ಅಳು ಬಂದುಬಿಟ್ಟಿತು. ನಿಂತಲ್ಲೇ ಅತ್ತುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನ ಮಾತು ಬಂತು. "ನೀವು ನನ್ನ ಪರ ನಿಲ್ಲುತ್ತೀರಿ ಅಂತ ಗೊತ್ತಿದ್ದರೆ ಆವತ್ತೇ ರಂಜಿಗೆ ನಿಜ ಬರೆಯುತ್ತಿದ್ದೆ ಅತ್ತೆ, ಎಲ್ಲಿಗೂ ಹೋಗಲ್ಲ ಅಂತ ಯಾಕೆ ಬರೆಸಿದಿರಿ" ಅಂದೆ. ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದರು. ಬೆಳಗೊಳದ ಗದ್ದೆ ಬಯಲು ದಾಟಿದ ಮೇಲೆ ಹೇಳಿದರು. ಮಾವ ಇದ್ದಾಗಲೇ, ನೀನು ಶಾಲೆಗೆ ಹೋದ ಮೇಲೆ, ಹೊಲಕ್ಕೆ ಅಂತ ಹೇಳಿ ಮಂಕರಿಯಲ್ಲಿ ಬೆಣ್ಣೆ ಇಟ್ಟು, ಮೇಲೆ ಹುಲ್ಲು ಮುಚ್ಚಿ, ಅವರು ಬೂಕನಕೆರೆಗೆ ನಡೆದುಕೊಂಡು ಹೋಗಿ ಮಾರಿ ಬರುತ್ತಿದ್ದರಂತೆ. ವರ್ಷಗಟ್ಟಲೆ. ಊರೂ ಕೇಳಲಿಲ್ಲ, ಮಾವನೂ ಕೇಳಲಿಲ್ಲ.

ಅತ್ತೆ ಕಿಟಕಿ ಆಚೆ ನೋಡುತ್ತಾ, "ಇದ್ನ ಅವಳ್ಗೆ ಬರಿ. ಅವ್ಳ ಪುಸ್ತಕ್ದಾಗೂ ಸೇರುಸ್ಕೊಳ್ಲಿ" ಅಂದರು. "ಅವ್ಳು ಡೆಲ್ಲಿಗಂಟ ಓಗಿದ್ದು ಎಲ್ಲಿಗೂ ಓಗ್ದೋಳ ಬೆಣ್ಣೆ ದುಡ್ನಲ್ಲಿ ಅಂತ."

ಪುಟ್ಟಲಕ್ಷ್ಮಿ